ಕಿರುಯಂತ್ರಕ್ಕೆ ಸಿ ಲೈಬ್ರರಿಯನ್ನು ಅಣಿಗೊಳಿಸುವ ಬಗೆ

ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು 2016ರಲ್ಲಿ ಆ ದೇಶದ ಶಾಲಾಬಾಲಕರಿಗೆ ಹಂಚಿದ ‘ಮೈಕ್ರೋಬಿಟ್’ ಎಂಬ ಹಲಗೆಯು ಬೆಂಕಿಪೆಟ್ಟಿಗೆಗಿಂತ ತುಸುವೇ ಅಗಲವಾದುದು. ಅದರ ಮೊದಲನೆಯ ಮಾದರಿಯಲ್ಲಿ ಆರ್ಮ್ ಕಾರ್ಟೆಕ್ಸ್-ಎಂ0 ಜಾತಿಯ ಪ್ರೊಸೆಸರ್ ಇದೆ. ಪ್ರೋಗ್ರಾಮನ್ನು ಇಟ್ಟುಕೊಳ್ಳಲು 256 ಕಿಲೋಬೈಟು, ಕೆಲಸ ನಡೆಯುವಾಗ ಬಳಸಿಕೊಳ್ಳಲು ಕೇವಲ 16 ಕಿಲೋಬೈಟು ಮೆಮೊರಿ. ಇಷ್ಟು ಬಡ ಯಂತ್ರದಲ್ಲಿ ಸಿ ಭಾಷೆಯ ಪ್ರೋಗ್ರಾಮು ನಡೆಯಬೇಕಾದರೆ ಏನೇನು ಸಿದ್ಧತೆ ಬೇಕೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಒಂದು ಮಾತು. ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ 1970ರ ದಶಕದ ಆರಂಭದಲ್ಲಿ ಡೆನ್ನಿಸ್ ರಿಚಿ ಅವರು ರಚಿಸಿದ ಸಿ ಭಾಷೆಯಲ್ಲಿ ‘ಬರೆ’, ‘ಅಚ್ಚು ಮಾಡು’ ಎಂಬರ್ಥದ ಕ್ರಿಯಾಪದವೇ ಇಲ್ಲ. ವಿದ್ಯಾರ್ಥಿಗಳು ಮೊದಲ ಪಾಠದಲ್ಲಿಯೇ ಕಲಿಯುವ ‘ಪ್ರಿಂಟ್-ಎಫ್’ ಭಾಷೆಗೆ ಸೇರಿದ ಪದವಲ್ಲ, ಲೈಬ್ರರಿಗೆ ಸೇರಿದುದು. ಇಲ್ಲಿ ಲೈಬ್ರರಿಯೆಂದರೆ ಪುಸ್ತಕಗಳ ಕೋಣೆಯಲ್ಲ; ಪದೇಪದೇ ಬೇಕಾಗುವ ಕೆಲಸಗಳನ್ನು ಮೊದಲೇ ಬರೆದಿಟ್ಟ ಭಂಡಾರ.

ಹಲಗೆಯು ತನ್ನ ಪ್ರೋಗ್ರಾಮನ್ನು ತಾನೇ ಸಿದ್ಧಪಡಿಸಿಕೊಳ್ಳಲಾರದು. ಮೇಜಿನ ಮೇಲಣ ಕಂಪ್ಯೂಟರಿನಲ್ಲಿದ್ದುಕೊಂಡು ಆರ್ಮ್ ಪ್ರೊಸೆಸರಿಗೆ ತಿಳಿಯುವ ಆಜ್ಞೆಗಳನ್ನು ಬರೆದುಕೊಡುವ ಕಂಪೈಲರು ಬೇಕು. ಅದಕ್ಕೆ ಕ್ರಾಸ್ ಕಂಪೈಲರ್ ಎಂದು ಹೆಸರು. ಮನೆಯಲ್ಲಿ ಕನ್ನಡವಾಡಿ, ಕಚೇರಿಗೆ ಬೇರೊಂದು ಭಾಷೆಯಲ್ಲಿ ಅರ್ಜಿ ಬರೆದುಕೊಡುವ ಗಡಿನಾಡಿನವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಕಂಪೈಲರಿಗೆ ನಾವು ತಿಳಿಸಬೇಕಾದ ವಿಳಾಸ ‘ಆರ್ಮ್-ನನ್-ಇಎಬಿಐ’. ಈ ಹೆಸರಿನಲ್ಲಿ ಲಿನಕ್ಸ್ ಮುಂತಾದ ಯಾವ ಆಪರೇಟಿಂಗ್ ಸಿಸ್ಟಮ್ಮಿನ ಸುಳಿವೂ ಇಲ್ಲವೆಂಬುದನ್ನು ಗಮನಿಸಬೇಕು. ಲಿನಕ್ಸಿಗಾಗಿ ಇರುವ ದೊಡ್ಡ ಗ್ನೂ ಸಿ ಲೈಬ್ರರಿಯು ಇಲ್ಲಿಗೆ ಒಗ್ಗುವುದಿಲ್ಲ. ಇಂಥ ಹಲಗೆಗಳಿಗೆ ವಾಡಿಕೆಯಾಗಿ ಬಳಸುವುದು, 1990ರ ದಶಕದಲ್ಲಿ ಸಿಗ್ನಸ್ ಎಂಬ ಕಂಪನಿಯಲ್ಲಿ ಆರಂಭವಾದ ‘ನ್ಯೂಲಿಬ್’.

ಆದರೆ ಕಟ್ಟಲು ಹೊರಟೊಡನೆ ಬೀಜ ಮೊದಲೋ ವೃಕ್ಷ ಮೊದಲೋ ಎಂಬ ತೊಡಕು ಎದುರಾಗುತ್ತದೆ. ಲೈಬ್ರರಿಯನ್ನು ಕಟ್ಟಲು ಕಂಪೈಲರು ಬೇಕು. ಕಂಪೈಲರನ್ನು ಪೂರ್ಣಗೊಳಿಸಲು ಲೈಬ್ರರಿ ಬೇಕು. ಇದರಿಂದ ಪಾರಾಗುವ ದಾರಿ ಹೀಗೆ: ಅಸೆಂಬ್ಲರ್, ಲಿಂಕರ್ ಎಂಬ ಉಪಕರಣಗಳನ್ನು ಮೊದಲು ಕಟ್ಟಿ, ಆ ಬಳಿಕ ‘ಹೆಡರುಗಳಿಲ್ಲದೆ’ ಎಂದು ಸೂಚಿಸಿ ಸಿ ಭಾಷೆಯೊಂದನ್ನೇ ಬಲ್ಲ ಅರೆ ಕಂಪೈಲರನ್ನು ಕಟ್ಟಬೇಕು. ಆ ಅರೆ ಕಂಪೈಲರಿನಿಂದಲೇ ನ್ಯೂಲಿಬ್ಬನ್ನು ಕಟ್ಟಿ, ಕೊನೆಗೆ ಕಂಪೈಲರನ್ನು ಮತ್ತೊಮ್ಮೆ ಪೂರ್ಣವಾಗಿ ಕಟ್ಟಬೇಕು. ಎಲ್ಲಕ್ಕೂ ಒಂದೇ ವಿಳಾಸ, ಒಂದೇ ಸ್ಥಾಪನಾಸ್ಥಾನ ಇರತಕ್ಕದ್ದು.

ಸಿದ್ಧವಾದುದೇ ಪುಕ್ಕಟೆಯಾಗಿ ದೊರೆಯುವಾಗ ಈ ಶ್ರಮವೇಕೆಂದು ಪಾಲಕರು ಕೇಳಬಹುದು. ದೊರೆಯುತ್ತದೆ, ನಿಜ. ಆದರೆ ಅದರೊಳಗೆ ಬೇರೆ ಯಾರೋ ಮಾಡಿದ ಆಯ್ಕೆಗಳಿರುತ್ತವೆ, ಅವನ್ನರಿಯದವರು ಬೇಸ್ತುಬೀಳುತ್ತಾರೆ. ನಾವೂ ಬಿದ್ದೆವು.

ಹಲಗೆಯ ಚಿಪ್ಪಿನೊಳಗೇ ಒಂದು ತಾಪಮಾಪಕವಿದೆ. ಅದರ ಅಳತೆಯನ್ನು ಪ್ರಿಂಟ್-ಎಫ್ ಮೂಲಕ ದಶಾಂಶದಲ್ಲಿ ತೋರಿಸಲು ಹೊರಟೆವು. ‘ಉಷ್ಣತೆ:’ ಎಂಬ ಪದವೇನೋ ಮೂಡಿತು. ಅದರ ಮುಂದೆ ಅಂಕಿಯೇ ಇಲ್ಲ! ತಪ್ಪೆಂಬ ಸೂಚನೆಯೂ ಬರಲಿಲ್ಲ. ಒಂದು ಇಡೀ ಸಂಜೆ ಮಾಪಕವನ್ನು ಶಂಕಿಸಿ ಕಳೆದೆವು. ದೋಷವಿದ್ದುದು ಮಾಪಕದಲ್ಲಲ್ಲ. ನಾವು ಬಳಸಿದ್ದುದು ನ್ಯೂಲಿಬ್ಬಿನ ‘ನ್ಯಾನೋ’ ರೂಪ. ಇದು ಬೇರೆ ಲೈಬ್ರರಿಯಲ್ಲ. ಅದೇ ನ್ಯೂಲಿಬ್ಬನ್ನು, ಸಣ್ಣ ಮೆಮೊರಿಗೆ ಹೊಂದುವಂತೆ ಬೇರೆ ಆಯ್ಕೆಗಳಿಂದ ಕಟ್ಟಿದುದು. ಅದರಲ್ಲಿ ದಶಾಂಶ ಸಂಖ್ಯೆಯನ್ನು ಅಚ್ಚುಮಾಡುವ ಭಾಗವನ್ನು, ಲಿಂಕರನ್ನು ಬೇರೆಯಾಗಿ ಕೇಳಿದ ಹೊರತು, ಸೇರಿಸುವುದಿಲ್ಲ. ಕೇಳಿದರೆ ಬರುತ್ತದೆ, ಆದರೆ ಸಾವಿರಾರು ಬೈಟುಗಳನ್ನು ನುಂಗಿಕೊಂಡು. ಏಕೆಂದರೆ ಈ ಪ್ರೊಸೆಸರಿನಲ್ಲಿ ದಶಾಂಶ ಗಣಿತದ ಯಂತ್ರಭಾಗವಿಲ್ಲ. ಭಾಗಾಕಾರದ ಆಜ್ಞೆಯೂ ಇಲ್ಲ. ಎಲ್ಲವನ್ನೂ ಪ್ರೋಗ್ರಾಮಿನಿಂದಲೇ ಸಾಧಿಸಬೇಕು.

ಇನ್ನೊಂದು ಆಯ್ಕೆಯು ಇದಕ್ಕಿಂತ ಗಹನವಾದುದು. ಪ್ರಿಂಟ್-ಎಫ್ ಅಕ್ಷರಗಳನ್ನು ಜೋಡಿಸಿಕೊಡುತ್ತದೆಯೇ ಹೊರತು ಅವು ಎಲ್ಲಿಗೆ ಹೋಗಬೇಕೆಂಬುದನ್ನರಿಯದು. ‘ರೈಟ್’ ಎಂಬ ಕೆಳಗಿನ ಕೆಲಸಗಾರನಿಗೆ ಒಪ್ಪಿಸುತ್ತದೆ. ದೊಡ್ಡ ಕಂಪ್ಯೂಟರಿನಲ್ಲಿ ಆ ಕೆಲಸ ಆಪರೇಟಿಂಗ್ ಸಿಸ್ಟಮ್ಮಿನದು, ಇಲ್ಲಿ ಅದಿಲ್ಲ. ಆರ್ಮ್ ಹಲಗೆಗಳಿಗೆ ನ್ಯೂಲಿಬ್ ತಾನಾಗಿ ಒದಗಿಸುವ ಕೆಲಸಗಾರನು, ತಂತಿಯಾಚೆಯ ಕಂಪ್ಯೂಟರಿನಲ್ಲಿರುವ ಡಿಬಗರಿಗೆ ಮೊರೆಯಿಡುತ್ತಾನೆ. ಡಿಬಗರ್ ಇಲ್ಲದಿದ್ದರೆ ಹಲಗೆಯು ಅಲ್ಲಿಯೇ ಸ್ತಬ್ಧ. ಆದುದರಿಂದ ಕಾನ್ಫಿಗರ್ ಮಾಡುವಾಗ ‘ಡಿಸೇಬಲ್-ನ್ಯೂಲಿಬ್-ಸಪ್ಲೈಡ್-ಸಿಸ್‌ಕಾಲ್ಸ್’ ಎಂದು ಬರೆದು, ಅಕ್ಷರವನ್ನು ಸೀರಿಯಲ್ ತಂತಿಗೆ ಕಳುಹಿಸುವ ‘ರೈಟ್’ ಅನ್ನು ನಾವೇ ಬರೆದುಕೊಂಡೆವು.

ಮೆಮೊರಿಯನ್ನು ಬೇಡಿದಾಗ ಕೊಡುವ ‘ಎಸ್‌ಬ್ರೇಕ್’ ಎಂಬವನನ್ನೂ ಬರೆಯಬೇಕಾಗುತ್ತದೆ. ಇವನ ವಿಷಯದಲ್ಲಿ ಎಚ್ಚರ ಬೇಕು. ಹಂಚುವ ಮೆಮೊರಿಯು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ, ಸ್ಟ್ಯಾಕ್ ಎಂಬುದು ಮೇಲಿನಿಂದ ಕೆಳಕ್ಕಿಳಿಯುತ್ತದೆ, ನಡುವೆ ಗೋಡೆಯಿಲ್ಲ. 16 ಕಿಲೋಬೈಟೆಂದರೆ ಒಟ್ಟು 16,384 ಬೈಟುಗಳು. ಎರಡೂ ಸಂಧಿಸುವುದಕ್ಕೆ ಮೊದಲೇ ‘ಇಲ್ಲ’ ಎನ್ನಲು ಎಸ್‌ಬ್ರೇಕಿಗೆ ಬರದಿದ್ದರೆ, ಒಂದರ ಮಾಹಿತಿಯ ಮೇಲೆ ಇನ್ನೊಂದು ಬರೆದು ಪ್ರೋಗ್ರಾಮು ಎಲ್ಲೆಲ್ಲೋ ಕೆಡುತ್ತದೆ.

ತಾಪಮಾಪಕದ ಕಥೆಗೆ ಮರಳೋಣ. ದಶಾಂಶದ ಭಾಗವನ್ನು ನಾವು ಕೊನೆಗೂ ಸೇರಿಸಲಿಲ್ಲ. ಆ ಮಾಪಕವು ಕಾಲು ಡಿಗ್ರಿಗಳ ಎಣಿಕೆಯನ್ನೇ ಪೂರ್ಣಾಂಕವಾಗಿ ಕೊಡುತ್ತದೆ. 114 ಬಂದಿತೆನ್ನಿ: ನಾಲ್ಕರಿಂದ ಭಾಗಿಸಿದರೆ 28, ಶೇಷ 2, ಶೇಷವನ್ನು 25ರಿಂದ ಗುಣಿಸಿದರೆ 50. ಎರಡನ್ನೂ ಚುಕ್ಕೆಯ ಆಚೆ ಈಚೆ ಬರೆದರೆ 28.50 ಡಿಗ್ರಿ. (ಇದು ಚಿಪ್ಪಿನ ಉಷ್ಣತೆ; ಕೋಣೆಯದು ತುಸು ಕಡಿಮೆಯಿರಬಹುದು.) ಉದಕಮಂಡಲದಲ್ಲಿ ಹಿಮ ಬೀಳುವ ರಾತ್ರಿಗಳಿಗೆ ಮಾತ್ರ ಈ ಲೆಕ್ಕ ಸಾಲದು, ಸೊನ್ನೆಗಿಂತ ಕೆಳಗಿಳಿದಾಗ ಶೇಷವೂ ಋಣವಾಗಿ, ಋಣಚಿಹ್ನೆಯು ಚುಕ್ಕೆಯ ಬಲಕ್ಕೆ ಬಂದು ಕೂಡುತ್ತದೆ. ಅಲ್ಲಿಯ ವಿದ್ಯಾರ್ಥಿಗಳು ಚಿಹ್ನೆಯನ್ನು ಮೊದಲೇ ಬೇರೆಯಾಗಿ ಬರೆದು, ಅನಂತರ ಭಾಗಿಸಬೇಕು.