ಕುಟುಂಬದಲ್ಲಿ ಕ್ಯಾನ್ಸರ್: ಆನುವಂಶಿಕತೆಯನ್ನು ಗುರುತಿಸುವ ಬಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಕುಟುಂಬಗಳು ಕ್ಯಾನ್ಸರ್ ಚಿಕಿತ್ಸೆಯ ನೆರವು ಕೋರಿ ಗ್ರಾಮ ಪಂಚಾಯತಿ ಸದಸ್ಯರ ಬಳಿಗೆ ಬಂದಾಗ, ವೆಚ್ಚದ ವಿಚಾರದೊಂದಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುವುದು ಅವಶ್ಯ: ರಕ್ತಸಂಬಂಧಿಗಳಲ್ಲಿ ಬೇರೆ ಯಾರಿಗೆ, ಯಾವ ಅಂಗದ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಬಂದಿತ್ತು?

ಒಟ್ಟು ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು ಶೇ. 5ರಿಂದ 10ರಷ್ಟು ಮಾತ್ರ ಆನುವಂಶಿಕ. ಒಂದೇ ಮನೆಯ ಇಬ್ಬರಿಗೆ ಬಾಯಿ ಕ್ಯಾನ್ಸರ್ ಬಂದಿದ್ದರೆ, ಇಬ್ಬರಿಗೂ ಇದ್ದ ತಂಬಾಕು, ಗುಟ್ಕಾ ಸೇವನೆಯೇ ಸಾಮಾನ್ಯವಾಗಿ ಕಾರಣ. ಗರ್ಭಕೊರಳಿನ ಕ್ಯಾನ್ಸರ್‌ಗೆ ಎಚ್‌ಪಿವಿ ವೈರಾಣುವಿನ ಸೋಂಕು ಮುಖ್ಯ ಕಾರಣ. ಆದರೆ ಕೆಳಗಿನವುಗಳಲ್ಲಿ ಒಂದು ಕಂಡುಬಂದರೂ ವೈದ್ಯರ ಗಮನಕ್ಕೆ ತರತಕ್ಕದ್ದು:

1. 50 ವರ್ಷದೊಳಗೆ ಸ್ತನ ಅಥವಾ ದೊಡ್ಡಕರುಳಿನ ಕ್ಯಾನ್ಸರ್.
2. ಯಾವುದೇ ವಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರ್. ಪುರುಷರಲ್ಲಿ ಸ್ತನ ಕ್ಯಾನ್ಸರ್.
3. ಒಬ್ಬರಲ್ಲಿಯೇ ಎರಡು ಬೇರೆ ಬೇರೆ ಕ್ಯಾನ್ಸರ್, ಅಥವಾ ಎರಡೂ ಸ್ತನಗಳಲ್ಲಿ ಕ್ಯಾನ್ಸರ್.
4. ತಂದೆಯ ಕಡೆಯಾಗಲಿ ತಾಯಿಯ ಕಡೆಯಾಗಲಿ, ಒಂದೇ ಕಡೆಯ ಇಬ್ಬರು ಅಥವಾ ಹೆಚ್ಚು ಹತ್ತಿರದ ಸಂಬಂಧಿಗಳಲ್ಲಿ ಸ್ತನ ಮತ್ತು ಅಂಡಾಶಯದ, ಇಲ್ಲವೆ ದೊಡ್ಡಕರುಳು ಮತ್ತು ಗರ್ಭಕೋಶದ ಕ್ಯಾನ್ಸರ್.
5. ಚಿಕ್ಕ ಮಗುವಿನಲ್ಲಿ ರೆಟಿನೋಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್. ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ತಡಮಾಡದೆ ನೇತ್ರ ತಜ್ಞರಿಗೆ ತೋರಿಸಬೇಕು.

ಸ್ತನ ಹಾಗೂ ಅಂಡಾಶಯದ ಕ್ಯಾನ್ಸರ್‌ಗೆ ಸಂಬಂಧಿಸಿದ ಬಿಆರ್‌ಸಿಎ-1 ವಂಶವಾಹಿಯನ್ನು 1994ರಲ್ಲಿ, ಬಿಆರ್‌ಸಿಎ-2 ವಂಶವಾಹಿಯನ್ನು 1995ರಲ್ಲಿ ಗುರುತಿಸಲಾಯಿತು. ಇವುಗಳ ದೋಷವು ತಂದೆಯಿಂದಲೂ ಬರುತ್ತದೆ. ದೋಷ ಹೊಂದಿದವರ ಪ್ರತಿ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಾಧ್ಯತೆ ಶೇ. 50. ಆದ್ದರಿಂದ ಮದುವೆಯಾಗಿ ಬೇರೆ ಊರಿಗೆ ಹೋದ ಸೋದರತ್ತೆಯ ಕಾಯಿಲೆಯನ್ನು ಆಕೆಯ ತವರುಮನೆಯ ವಿವರದಲ್ಲಿಯೇ ದಾಖಲಿಸಬೇಕು. ಸೊಸೆಯ ಕಾಯಿಲೆ ಆಕೆಯ ತವರಿಗೂ ಆಕೆಯ ಮಕ್ಕಳಿಗೂ ಸಂಬಂಧಿಸಿದ್ದು. ಅತ್ತೆ ಮನೆಯ ಇತರರಿಗಲ್ಲ. ದೋಷವಿದ್ದ ಮಾತ್ರಕ್ಕೆ ಕ್ಯಾನ್ಸರ್ ಖಚಿತವೆಂದಲ್ಲ. ಮುಂಚಿತವಾಗಿ ತಿಳಿದರೆ ತಪಾಸಣೆಯನ್ನು ಬೇಗ ಆರಂಭಿಸಿ, ಗುಣಪಡಿಸಬಹುದಾದ ಹಂತದಲ್ಲಿಯೇ ರೋಗ ಪತ್ತೆಹಚ್ಚಬಹುದು.

ಸದಸ್ಯರು ಆಶಾ ಕಾರ್ಯಕರ್ತೆಯರ ಸಹಾಯದಿಂದ ಮೂರು ತಲೆಮಾರಿನ ವಿವರ ಬರೆಸಿಕೊಂಡು, ಬಯಾಪ್ಸಿ ವರದಿಯೊಂದಿಗೆ ತಾಲ್ಲೂಕು ಆಸ್ಪತ್ರೆಗೆ ಅಥವಾ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಒಯ್ಯುವಂತೆ ಕುಟುಂಬಕ್ಕೆ ತಿಳಿಸಬೇಕು. ವಂಶವಾಹಿ ಪರೀಕ್ಷೆಯ ಅಗತ್ಯವನ್ನು ನಿರ್ಧರಿಸುವವರು ವೈದ್ಯರು. ಸಾಧ್ಯವಿದ್ದಲ್ಲಿ ಮೊದಲು ರೋಗಿಯನ್ನೇ ಪರೀಕ್ಷಿಸಲಾಗುತ್ತದೆ.

ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ಕಾಯಿಲೆ ಮುಚ್ಚಿಡುವ ಮನೆಗಳುಂಟು. ಹಾಗೆ ಮುಚ್ಚಿಟ್ಟಾಗ ನಷ್ಟವಾಗುವುದು ಅದೇ ಹೆಣ್ಣುಮಕ್ಕಳಿಗೆ. ಆದಕಾರಣ ಈ ವಿವರಗಳನ್ನು ಗ್ರಾಮಸಭೆಯಲ್ಲಾಗಲಿ, ಕಟ್ಟೆಯ ಮೇಲಾಗಲಿ ಪ್ರಸ್ತಾಪಿಸಕೂಡದು. ಗೋಪ್ಯತೆಯ ಭರವಸೆ ಇದ್ದಲ್ಲಿ ಮಾತ್ರ ಕುಟುಂಬಗಳು ನಿಜ ಹೇಳುತ್ತವೆ.