ಆಂಬುಲೆನ್ಸ್ ಬರುವ ಮುನ್ನ

ಆಯುರ್ವೇದವು ದೇಹದಲ್ಲಿ 107 ಮರ್ಮಗಳನ್ನು ಗುರುತಿಸಿದೆ. ಪೆಟ್ಟು ಬಿದ್ದೊಡನೆ ಪ್ರಾಣ ತೆಗೆಯುವಂಥವನ್ನು ಸುಶ್ರುತರು ‘ಸದ್ಯಃಪ್ರಾಣಹರ’ವೆಂದು ಕರೆದು, ಹೃದಯವನ್ನು ಆ ಗುಂಪಿನಲ್ಲಿಟ್ಟರು. ಅಪಾಯ ಎಲ್ಲಿದೆಯೆಂಬುದನ್ನು ನಮ್ಮ ಪೂರ್ವಾಚಾರ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ನಿಂತ ಹೃದಯವನ್ನು ಮತ್ತೆ ನಡೆಸುವ ಕಷಾಯವಾಗಲಿ ಭಸ್ಮವಾಗಲಿ ನಮ್ಮ ಕಪಾಟಿನಲ್ಲಿಲ್ಲ. ಆಯುರ್ವೇದ ವೈದ್ಯರಾಗಿ ಇದನ್ನು ನಾವೇ ಹೇಳಬೇಕಾಗಿದೆ. ಏಕೆಂದರೆ ಭಕ್ತರಲ್ಲಿ ಅನೇಕರು ಅಂತಹ ಹೊತ್ತಿನಲ್ಲೂ ಮೊದಲು ನಮ್ಮ ಬಾಗಿಲಿಗೇ ಬರುತ್ತಾರೆ.

ಹೃದಯಾಘಾತ ಬೇರೆ, ಹೃದಯಸ್ತಂಭನ ಬೇರೆ. ಆಘಾತದಲ್ಲಿ ಹೃದಯದ ರಕ್ತನಾಳ ಕಟ್ಟಿಕೊಂಡಿರುತ್ತದೆ. ರೋಗಿ ಸಾಮಾನ್ಯವಾಗಿ ಎಚ್ಚರದಲ್ಲಿದ್ದು ಎದೆ ಹಿಂಡಿದಂತಾಗುತ್ತಿದೆ ಎನ್ನುತ್ತಾನೆ. ಸ್ತಂಭನದಲ್ಲಿ ಹೃದಯವು ರಕ್ತವನ್ನು ದೂಡುವುದನ್ನೇ ನಿಲ್ಲಿಸುತ್ತದೆ. ಮನುಷ್ಯ ಕ್ಷಣಗಳಲ್ಲಿ ಪ್ರಜ್ಞೆ ತಪ್ಪಿ ಕುಸಿಯುತ್ತಾನೆ. ರಕ್ತ ಹರಿಯದ ಮೆದುಳು ನಾಲ್ಕೈದು ನಿಮಿಷಗಳಲ್ಲಿಯೇ ಹಾನಿಗೊಳ್ಳತೊಡಗುತ್ತದೆ. ಕಡೂರಿನಿಂದಾಗಲಿ ಅಜ್ಜಂಪುರದಿಂದಾಗಲಿ ಹೊರಟ 108 ವಾಹನವು ಚೌಳಹಿರಿಯೂರಿನ ಸುತ್ತಲ ತೋಟದ ಮನೆಗಳನ್ನು ಅಷ್ಟರಲ್ಲಿ ಮುಟ್ಟಲಾರದು. ಆ ನಿಮಿಷಗಳಿಗೆ ಪಕ್ಕದಲ್ಲಿದ್ದವರೇ ವೈದ್ಯರು.

ಭುಜ ತಟ್ಟಿ ಜೋರಾಗಿ ಕರೆಯಿರಿ. ಉತ್ತರವಿಲ್ಲ, ಸಹಜವಾದ ಉಸಿರೂ ಇಲ್ಲವೆಂದಾದರೆ ಒಬ್ಬರು 108ಕ್ಕೆ ಕರೆಮಾಡಲಿ, ಇನ್ನೊಬ್ಬರು ಎದೆ ಒತ್ತಲು ಆರಂಭಿಸಲಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂತೆ ಎಳೆಯುವುದು ಉಸಿರಾಟವಲ್ಲ. ‘ಇನ್ನೂ ಉಸಿರಿದೆ’ ಎಂದು ಕಾಯುತ್ತ ಕೂರಬಾರದು. ಮಂಚದ ಮೇಲೆ ಒತ್ತಿದರೆ ಹಾಸಿಗೆ ಕುಸಿಯುವುದೇ ಹೊರತು ಎದೆಯಲ್ಲ, ಆದ್ದರಿಂದ ನೆಲದ ಮೇಲೆ ಅಂಗಾತ ಮಲಗಿಸಬೇಕು. ಎದೆಯ ಮೇಲಿನ ಕರಡಿಗೆಯನ್ನು ಶಿವದಾರದೊಡನೆ ಹೆಗಲ ಕಡೆಗೆ ಸರಿಸಿರಿ. ಇನ್ನೊಬ್ಬರ ಇಷ್ಟಲಿಂಗವನ್ನು ಮುಟ್ಟುವುದೆಂತು ಎಂಬ ಸಂಕೋಚ ಬೇಡ. ಪ್ರಾಣ ಉಳಿದರೆ ಪೂಜೆ ನಾಳೆಯೂ ನಡೆದೀತು. ಎದೆಯ ನಡುಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನಿರಿಸಿ, ಇನ್ನೊಂದು ಕೈಯನ್ನು ಅದರ ಮೇಲಿಟ್ಟು, ಮೊಣಕೈ ಮಡಿಸದೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿರಿ. ನಿಮಿಷಕ್ಕೆ 100ರಿಂದ 120 ಬಾರಿ. ಪ್ರತಿ ಒತ್ತಿನ ನಂತರ ಎದೆ ಪೂರ್ಣವಾಗಿ ಮೇಲೇಳಲಿ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಲಿ. ಎಂಥ ದುಡಿಯುವ ಮೈಯೂ ಇದರಲ್ಲಿ ಬೇಗ ದಣಿಯುತ್ತದೆ. ಪಕ್ಕೆಲುಬು ಮುರಿದ ಸದ್ದಾದರೂ ನಿಲ್ಲಿಸಬೇಡಿ, ಮುರಿದ ಎಲುಬು ಕೂಡಿಕೊಳ್ಳುತ್ತದೆ. ಬರಿಗೈಯ ಈ ಕ್ರಮವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯವರು ಪ್ರಕಟಿಸಿದ್ದು 1960ರಲ್ಲಿ. ನಮ್ಮ ಹಳ್ಳಿಗಳಿಗೆ ಅದಿನ್ನೂ ತಲುಪಿಲ್ಲವೆಂಬುದು ನಮಗೆ ನಾಚಿಕೆಯ ಸಂಗತಿ.

ಪ್ರಾಣ ಹೋಗುತ್ತಿದೆಯೆಂದು ಬಾಯಿಗೆ ನೀರನ್ನೋ ಪಾದೋದಕವನ್ನೋ ಬಿಡುವವರಿದ್ದಾರೆ. ಪ್ರಜ್ಞೆಯಿಲ್ಲದವರಿಗೆ ಬಿಟ್ಟ ಒಂದು ಚಮಚವೂ ಶ್ವಾಸನಾಳಕ್ಕೆ ಇಳಿಯಬಹುದು. ಹಣೆಗೆ ವಿಭೂತಿ ಹಚ್ಚಿರಿ, ಬಾಯಿಗೆ ಏನನ್ನೂ ಹಾಕಬೇಡಿ.

ಹೃದಯ ನಿಂತವರನ್ನು ಕಾರಿನ ಹಿಂದಿನ ಸೀಟಿಗೆ ತುರುಕಿ ಹೊರಟರೆ ದಾರಿಯಲ್ಲಿ ಎದೆ ಒತ್ತುವವರಿಲ್ಲ. ಇದ್ದಲ್ಲಿಯೇ ಒತ್ತುತ್ತ ಆಂಬುಲೆನ್ಸಿಗೆ ಕಾಯುವುದು ಲೇಸು. ಎಚ್ಚರವಿದ್ದು ಎದೆನೋವಿರುವವರ ವಿಷಯ ಬೇರೆ. 108 ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲಿ ಒಯ್ಯಿರಿ, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ಮಾತ್ರ ಬೇಡ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೆಯ ವಯಸ್ಸಿನಲ್ಲಿ ತೀರಿಕೊಂಡದ್ದನ್ನು ಯಾರೂ ಮರೆತಿಲ್ಲ. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ‘ಗ್ಯಾಸ್ ಇರಬೇಕು’ ಎಂದು ಜೀರಿಗೆ ಕಷಾಯ ಕುಡಿದು ರಾತ್ರಿ ಕಳೆಯುವವರು ಇದನ್ನು ತಿಳಿದಿರಬೇಕು.

ಪಾರ್ಶ್ವವಾಯುವಿನ ವಿಷಯದಲ್ಲಿ ನಮ್ಮದೇ ತಪ್ಪೊಂದಿದೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಹಿರಿಯರೊಬ್ಬರನ್ನು ಬೆಳಗಿನ ಜಾವ ಕರೆತಂದರು. ಹಿಂದಿನ ಸಂಜೆ ಊಟಕ್ಕೆ ಕುಳಿತಾಗಲೇ ಕೈಯಿಂದ ಮುದ್ದೆ ಜಾರಿತ್ತು, ಮಾತು ತೊದಲಿತ್ತು. ರಾತ್ರಿಯೆಲ್ಲ ಎಣ್ಣೆ ತಿಕ್ಕಿದ್ದರು. ನಾವೂ ನಾಡಿ ಹಿಡಿದು, ತೈಲ ಕೊಟ್ಟು, ಎರಡು ದಿನ ನೋಡೋಣವೆಂದೆವು. ಆ ಕೈ ಮತ್ತೆ ತುತ್ತೆತ್ತಲಿಲ್ಲ. ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ಏಕೆಂದರೆ ನಾಳ ಕಟ್ಟಿದೆಯೋ ಒಡೆದಿದೆಯೋ ಎಂಬುದು ನಾಡಿಯಿಂದ ತಿಳಿಯದು. ಅದೇ ಕಾರಣಕ್ಕೆ ಮನೆಯಲ್ಲಿ ಆಸ್ಪಿರಿನ್ ಕೊಡಬಾರದು. ನಗಲು ಹೇಳಿದಾಗ ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎತ್ತಿದ ಕೈ ಜಾರಿದರೆ, ಮಾತು ತೊದಲಿದರೆ ಗಡಿಯಾರ ನೋಡಿರಿ. ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಹೊತ್ತಿಗೆ ಎಂಬುದನ್ನು ಬರೆದಿಟ್ಟುಕೊಂಡು, ಸ್ಕ್ಯಾನ್ ಇರುವ ಆಸ್ಪತ್ರೆ ಯಾವುದೆಂದು ಫೋನಿನಲ್ಲಿ ಕೇಳಿಯೇ ಹೊರಡಿರಿ. ಲಕ್ವಕ್ಕೆ ಔಷಧಿ ಕೊಡುವ ಊರುಗಳಿಗೆ ಹೋಗುವ ದಿನ ಅದಲ್ಲ. ನಮ್ಮ ಅಭ್ಯಂಗಕ್ಕೆ ಆಮೇಲೆ, ತಜ್ಞರು ಒಪ್ಪಿದ ಮೇಲೆ, ಸ್ಥಾನವಿದೆ.

ಉಸಿರಾಟ ಸೋಲುವ ದಾರಿಗಳು ಹಲವು. ಕೊಬ್ಬರಿ ಚೂರು ಗಂಟಲಲ್ಲಿ ಸಿಕ್ಕಿ ಕೆಮ್ಮಲೂ ಆಗದಿದ್ದರೆ, ಮುಂದಕ್ಕೆ ಬಾಗಿಸಿ ಹೆಗಲ ಮೂಳೆಗಳ ನಡುವೆ ಐದು ಸಲ ಬಲವಾಗಿ ಗುದ್ದಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಿರಿ. ಗರ್ಭಿಣಿಯರಿಗೂ ವರ್ಷ ತುಂಬದ ಕೂಸುಗಳಿಗೂ ಹೊಟ್ಟೆ ಒತ್ತುವಂತಿಲ್ಲ, ಎದೆಯನ್ನೇ ಒತ್ತಬೇಕು. ಉಬ್ಬಸದವರನ್ನು ಮಲಗಿಸದೆ ಕೂರಿಸಿ ಅವರ ಇನ್‌ಹೇಲರ್ ಕೊಡಿರಿ. ಬಾವಿಯಿಂದಲೋ ಕೃಷಿಹೊಂಡದಿಂದಲೋ ಎತ್ತಿದವರಲ್ಲಿ ಉಸಿರಿಲ್ಲದಿದ್ದರೆ ಎದೆ ಒತ್ತುವುದಷ್ಟೇ ಸಾಲದು, ಮೂಗು ಮುಚ್ಚಿ ಬಾಯಿಯಿಂದ ಉಸಿರನ್ನೂ ಊದಬೇಕು. ನಾಗರ, ಕಟ್ಟುಹಾವುಗಳ ವಿಷವು ಉಸಿರಾಟದ ಸ್ನಾಯುಗಳನ್ನೇ ಸೋಲಿಸುತ್ತದೆ. ಕಣ್ಣೆವೆ ಇಳಿಬೀಳುವುದು ಅದರ ಮುನ್ಸೂಚನೆ. ನಿದ್ದೆ ಬಂದಿದೆಯೆಂದು ಅಂಥವರನ್ನು ಮನೆಯಲ್ಲಿ ಮಲಗಿಸಬೇಡಿ.