ಹನ್ನೊಂದು ದಿನದ ಸಂಬಳವೂ ಸಂಬಳವೇ

"ಟ್ರಯಲ್ ಅಷ್ಟೇ ಅಲ್ವೇನಮ್ಮಾ, ಅದಕ್ಕೆಂಥ ಸಂಬಳ?" ಬಟ್ಟೆ ಅಂಗಡಿಯಲ್ಲಿ ಹನ್ನೊಂದು ದಿನ ಬೆಳಗಿನಿಂದ ರಾತ್ರಿವರೆಗೆ ನಿಂತೇ ದುಡಿದ ನಮ್ಮ ಪಕ್ಕದ ಮನೆ ಹುಡುಗಿಗೆ ಮಾಲೀಕರು ಹೇಳಿದ್ದು ಇಷ್ಟೇ. ಕಣ್ಣೊರೆಸಿಕೊಂಡು ಬಂದುಬಿಟ್ಟಳು.

ನೀವು ಹಾಗೆ ಬರಬೇಡಿ. 2019ರ ವೇತನ ಸಂಹಿತೆಯ ಪ್ರಕಾರ, ಅವರೇ ತೆಗೆದರೂ ನೀವೇ ಬಿಟ್ಟರೂ, ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೈಸೇರಬೇಕು. ಪ್ರೊಬೇಷನ್ ಎಂಬ ನೆಪ ನಡೆಯದು.

ಸೇರುವಾಗಲೇ ಸಂಬಳ ಎಷ್ಟೆಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ, ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ಹಾಜರಿ ಪುಸ್ತಕದಲ್ಲಿ ನಿಮ್ಮ ಸಹಿಯಿರುವ ಪುಟದ ಫೋಟೊ ತೆಗೆದಿಡಿ; ಆ ಹುಡುಗಿಯ ಬಳಿ ಇಲ್ಲದೇ ಹೋದದ್ದು ಅದೊಂದೇ. ಬಿಟ್ಟ ದಿನವೇ ಬಾಕಿಯನ್ನು ಬರಹದಲ್ಲಿ ಕೇಳಿ. ಸತಾಯಿಸಿದರೆ ನಿಮ್ಮ ಭಾಗದ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ ದೂರು ಕೊಡಿ, ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ.